1200 ಚದರ ಅಡಿ ಅಂಗಳಕ್ಕೆ ಕಾಂಪೋಸ್ಟ್ ಲೋಡ್: ಎಷ್ಟು ಬೇಕು, ಎಂಥದ್ದು ತರಿಸಬೇಕು, ಎಲ್ಲಿ ಸುರಿಸಬೇಕು?

ಕೆಮ್ಮಣ್ಣು
ಮನೆ ಸುತ್ತಲಿನ ಜಾಗ 1200 ಚದರ ಅಡಿ. ಇದರಲ್ಲಿ ತರಕಾರಿ ಮಡಿಗಳಿಗೆ 300, ಹುಲ್ಲುಹಾಸಿಗೆ 500, ಬೇಲಿಗುಂಟ ಹೂಗಿಡ, ಪೊದೆಗಳ ಪಟ್ಟಿಗೆ 150. ಉಳಿದದ್ದು ಎರಡು ದೊಡ್ಡ ಮರಗಳ ಬುಡ ಮತ್ತು ಓಡಾಡುವ ದಾರಿ. ಮನೆ ಕಟ್ಟುವಾಗ ತುಂಬಿಸಿದ ಜೇಡಿ ಮಣ್ಣು, ಒಣಗಿದರೆ ಬಿರುಕು, ನೆನೆದರೆ ಅಂಟು. ಎಲ್ಲ ಕಡೆ 4 ಇಂಚು ಕಾಂಪೋಸ್ಟ್ ಹರಡಿ, ಅಗೆದು ಬೆರೆಸುವ ಯೋಚನೆ. ಲೆಕ್ಕ ಹಾಕಿದರೆ 400 ಘನ ಅಡಿ ಆಗುತ್ತದೆ. ಮಾರುವವರು "ದೊಡ್ಡ ಲೋಡ್ ಒಂದು, ಸಣ್ಣದು ಒಂದು" ಅಂತಾರೆ. ಗೇಟ್ 9 ಅಡಿ ಅಗಲ, ಒಳಗೆ ಬಂದ ಕೂಡಲೇ ಎಡಕ್ಕೆ ನೀರಿನ ಸಂಪ್. ಪ್ರಮಾಣ ಸರಿ ಇದೆಯಾ? ಬುಕ್ ಮಾಡುವ ಮೊದಲು ಏನೇನು ನೋಡಬೇಕು?

ಅಳತೆಪಟ್ಟಿ
400 ಬೇಡ, ಅದರ ಮೂರನೇ ಒಂದು ಭಾಗ ಸಾಕು. ಇಡೀ ಜಾಗಕ್ಕೆ ಒಂದೇ ದಪ್ಪ ಇಟ್ಟುಕೊಂಡಿದ್ದೇ ಲೆಕ್ಕ ತಪ್ಪಿರುವ ಜಾಗ. ಬೇರೆ ಬೇರೆಯಾಗಿ ಹಾಕಿ ನೋಡಿ.

ತರಕಾರಿ ಮಡಿ: 300 ಚದರ ಅಡಿಗೆ 3 ಇಂಚು, ಅಂದರೆ 75 ಘನ ಅಡಿ. ಇದನ್ನು ಮೇಲಿನ 8 ಇಂಚು ಮಣ್ಣಿಗೆ ಬೆರೆಸಿದರೆ ಮಿಶ್ರಣದಲ್ಲಿ ಕಾಂಪೋಸ್ಟ್ ಪಾಲು ಶೇ. 27ರಷ್ಟು ಆಗುತ್ತದೆ. ಅದಕ್ಕಿಂತ ಮೇಲೆ ಹೋಗಬೇಡಿ. ಹುಲ್ಲುಹಾಸು: ಅರ್ಧ ಇಂಚು ದಾಟಲೇಬಾರದು, ದಾಟಿದರೆ ಹುಲ್ಲು ಉಸಿರುಗಟ್ಟಿ ಹಳದಿಯಾಗುತ್ತದೆ. 500 ಚದರ ಅಡಿಗೆ 21 ಘನ ಅಡಿ. ಪೊದೆಗಳ ಪಟ್ಟಿ: 2 ಇಂಚು, ಮೇಲ್ಹೊದಿಕೆಯಾಗಿ ಮಾತ್ರ, 25 ಘನ ಅಡಿ. ಒಟ್ಟು 121. ಸಾಗಿಸುವಾಗ, ಹರಡಿದ ಮೇಲೆ ಕಾಂಪೋಸ್ಟ್ ಕುಗ್ಗುತ್ತದೆ. ಅದಕ್ಕೆ ಶೇ. 15 ಸೇರಿಸಿ 140 ಘನ ಅಡಿ ಹೇಳಿ. ಹೆಚ್ಚುಕಡಿಮೆ 4 ಘನ ಮೀಟರ್.

ಇನ್ನೊಂದು ಮಾತು, "ಲೋಡ್" ಅನ್ನೋದು ಅಳತೆಯೇ ಅಲ್ಲ. ಗಾಡಿಯ ತೊಟ್ಟಿಯ ಒಳ ಅಳತೆ ಕೇಳಿ. ಉದ್ದ 8 ಅಡಿ, ಅಗಲ ಐದೂವರೆ, ಎತ್ತರ 2 ಇದ್ದರೆ ಮಟ್ಟಸಕ್ಕೆ 88 ಘನ ಅಡಿ. ಗೋಪುರ ಏರಿಸಿದ್ದು ದಾರಿಯಲ್ಲೇ ಇಳಿದುಹೋಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಸಲಿಕೆಸಾಮ್ರಾಜ್ಯ
ಜೇಡಿಗೆ 3 ಇಂಚು ಸಾಲಲ್ಲ ಅನ್ಸುತ್ತೆ. ಮಣ್ಣು ಅಷ್ಟು ಕೆಟ್ಟಿದ್ದರೆ 6 ಇಂಚು ಹಾಕಿಬಿಟ್ಟರೆ ಒಂದೇ ಸಲಕ್ಕೆ ಕೆಲಸ ಮುಗಿಯಲ್ವಾ? ಜೊತೆಗೆ ಒಂದಿಷ್ಟು ಮರಳು ಸೇರಿಸಿದರೆ ಇನ್ನೂ ಸಡಿಲ.

ಉಪ್ಪುನೀರು
ಎರಡೂ ಬೇಡ. ಜೇಡಿ ಸಡಿಲ ಆಗಬೇಕಾದರೆ ಮರಳು ಮಿಶ್ರಣದ ಅರ್ಧಕ್ಕಿಂತ ಹೆಚ್ಚಿರಬೇಕು. ಸ್ವಲ್ಪ ಹಾಕಿದರೆ ಮರಳಿನ ಕಾಳುಗಳ ಸಂದಿಯಲ್ಲಿ ಜೇಡಿ ತುಂಬಿಕೊಂಡು ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ.

6 ಇಂಚಿನ ತೊಂದರೆ ಎರಡು ಬಗೆ. ಒಂದು ಲವಣ. ಕೊಟ್ಟಿಗೆ ಗೊಬ್ಬರದಿಂದ ಮಾಡಿದ ಕಾಂಪೋಸ್ಟ್‌ನಲ್ಲಿ ಉಪ್ಪಿನಂಶ ಜಾಸ್ತಿ. ಲವಣಾಂಶ ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದರೆ ಮೊಳಕೆಗಳಿಗೆ ಪೆಟ್ಟು, ಎಲೆ ಅಂಚು ಸುಡುತ್ತದೆ. ಲ್ಯಾಬ್ ವರದಿ ಓದುವಾಗ ಯಾವ ವಿಧಾನ ಅಂತ ನೋಡಿ. ಒಂದು ಪಾಲು ಗೊಬ್ಬರಕ್ಕೆ ಐದು ಪಾಲು ನೀರು ಹಾಕಿ ಅಳೆದ ಸಂಖ್ಯೆ, ನೀರು ತುಂಬಿದ ಪೇಸ್ಟ್‌ನಿಂದ ಅಳೆದದ್ದಕ್ಕಿಂತ ಎಷ್ಟೋ ಕಡಿಮೆ ಬರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು "ಇದು ಒಳ್ಳೇದು" ಅಂದರೆ ಮೋಸಹೋದ ಹಾಗೆ.

ಎರಡನೆಯದು ರಂಜಕ. ಗಿಡಕ್ಕೆ ಬೇಕಾದ ಸಾರಜನಕವನ್ನೆಲ್ಲ ಕಾಂಪೋಸ್ಟ್‌ನಿಂದಲೇ ಕೊಡಲು ಹೋದರೆ ರಂಜಕ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಸೇರುತ್ತದೆ, ಅದು ಮಣ್ಣಿನಲ್ಲೇ ಕೂರುತ್ತದೆ. ವರ್ಷವರ್ಷ ಹೀಗಾದರೆ ಸತು, ಕಬ್ಬಿಣ ಗಿಡಕ್ಕೆ ಸಿಗದೆ ಚಿಗುರು ಬಿಳಿಚುತ್ತದೆ. ಆಗ ಗೊಬ್ಬರ ಕಮ್ಮಿಯಾಯ್ತು ಅಂತ ಇನ್ನಷ್ಟು ಸುರಿಯುತ್ತಾರೆ! ಮಣ್ಣು ಪರೀಕ್ಷೆ ಮಾಡಿಸದೆ ಲೋಡ್ ಬುಕ್ ಮಾಡಬೇಡಿ. ಪಿಎಚ್, ಸಾವಯವ ಅಂಶ, ರಂಜಕ, ಲವಣ, ಈ ನಾಲ್ಕು ಬಂದರೆ ಸಾಕು. ಸಾವಯವ ಅಂಶ ಈಗಾಗಲೇ ಶೇ. 5ರ ಹತ್ತಿರ ಇದ್ದು, ರಂಜಕ ಹೆಚ್ಚಿದ್ದರೆ 3 ಇಂಚೂ ಬೇಡ.

ಕೆಮ್ಮಣ್ಣು
ಆಯ್ತು, 140 ಅಂತ ಇಟ್ಟುಕೊಳ್ತೀನಿ. ಅಗೆದು ಬೆರೆಸೋದಾ, ಮೇಲೆ ಹಾಸಿ ಬಿಡೋದಾ? ಎರಡೂ ಸರಿ ಅನ್ನೋರು ಇದ್ದಾರೆ.

ಎರೆಹುಳುಪಕ್ಷ
ಮೇಲೆ ಹಾಸಿ ಬಿಡಿ, ಹುಳು ಕೆಳಗೆ ಇಳಿಸುತ್ತದೆ. ಅಗೆದರೆ ಮಣ್ಣಿನ ಕಣರಚನೆ ಒಡೆಯುತ್ತದೆ, ಮಲಗಿದ್ದ ಕಳೆ ಬೀಜಗಳು ಬೆಳಕಿಗೆ ಬಂದು ಮೊಳೆಯುತ್ತವೆ.

ಅಳತೆಪಟ್ಟಿ
ಹಳೆ ತೋಟಕ್ಕೆ ಒಪ್ಪುತ್ತೇನೆ. ಕಟ್ಟಡದ ಗಾಡಿಗಳು ಓಡಾಡಿ ದಮ್ಮಾಸು ಹೊಡೆದಂತಾದ ಮಣ್ಣಿನಲ್ಲಿ ಎರೆಹುಳುವೇ ಇರುವುದಿಲ್ಲವಲ್ಲ ಸ್ವಾಮಿ, ಇಳಿಸೋರು ಯಾರು?

ಕೆಮ್ಮಣ್ಣು ಅವರೇ, ವಾದಕ್ಕಿಂತ ಪರೀಕ್ಷೆ ಸುಲಭ. ಮಳೆ ಬಂದ ಅಥವಾ ನೀರುಣಿಸಿದ ಎರಡನೇ ದಿನ 10 ಮಿ.ಮೀ. ಕಬ್ಬಿಣದ ಸರಳನ್ನು ಕೈಯಲ್ಲೇ ಒತ್ತಿ. ಒಂದಡಿ ಇಳಿದರೆ ಅಗೆಯುವ ಅಗತ್ಯ ಇಲ್ಲ. 5, 6 ಇಂಚಿಗೇ ಅಡ್ಡ ನಿಂತರೆ ಅಲ್ಲೊಂದು ಗಟ್ಟಿ ಪದರ ಇದೆ, ಒಂದು ಸಲ ಸಡಿಲ ಮಾಡಲೇಬೇಕು. ಏಳೆಂಟು ಕಡೆ ಒತ್ತಿ ನೋಡಿ. ಒಂದು ಕಡೆ ಕಲ್ಲು ಸಿಕ್ಕಿ ನಿಂತಿರಬಹುದು.

ಇನ್ನೊಂದು, ನೀರು ಇಂಗುವ ಪರೀಕ್ಷೆ. ಒಂದಡಿ ಅಗಲ, ಒಂದಡಿ ಆಳದ ಗುಂಡಿ ತೆಗೆದು ನೀರು ತುಂಬಿ, ಪೂರ್ತಿ ಇಂಗಲಿ. ಮತ್ತೆ ತುಂಬಿ, ಗಂಟೆಗೆ ಎಷ್ಟು ಇಳಿಯುತ್ತದೆ ಅಂತ ಕೋಲಿಟ್ಟು ಅಳೆಯಿರಿ. ಒಂದು ಇಂಚು ಅಥವಾ ಮೇಲೆ ಇದ್ದರೆ ಚಿಂತೆಯಿಲ್ಲ. ಅರ್ಧ ಇಂಚೂ ಇಳಿಯದಿದ್ದರೆ ಕಾಂಪೋಸ್ಟ್ ಅದನ್ನು ಸರಿಮಾಡುವುದಿಲ್ಲ. ಮೇಲಿನ 8 ಇಂಚು ಮೃದು, ಕೆಳಗೆ ತಟ್ಟೆಯಂತೆ ಗಟ್ಟಿ, ನಡುವೆ ನಿಂತ ನೀರಿನಲ್ಲಿ ಬೇರು ಕೊಳೆಯುತ್ತದೆ. ಅಂಥ ಕಡೆ ಮೊದಲು ನೀರು ಹರಿದುಹೋಗುವ ದಾರಿ, ಇಲ್ಲವಾದರೆ ಮಡಿಯನ್ನೇ ಒಂದಡಿ ಎತ್ತರಿಸುವುದು.

ಹದನೋಡು
ಬೆರೆಸುವ ದಿನದ ಹದದ ಬಗ್ಗೆ ಯಾರೂ ಹೇಳಲಿಲ್ಲ. ಜೇಡಿಯಲ್ಲಿ ಇದೇ ಎಲ್ಲಕ್ಕಿಂತ ಮುಖ್ಯ. 4 ಇಂಚು ಆಳದ ಮಣ್ಣು ಒಂದು ಹಿಡಿ ತೆಗೆದು ಉಂಡೆ ಕಟ್ಟಿ, ಹೆಬ್ಬೆರಳಿನಿಂದ ಒತ್ತಿ. ಉದುರಿದರೆ ಹದ ಬಂದಿದೆ. ಬೆರಳ ಗುರುತು ಮಾತ್ರ ಬಿದ್ದು ಉಂಡೆ ಹಾಗೇ ಉಳಿದರೆ, ಅಥವಾ ಉಜ್ಜಿದರೆ ಹೊಳಪು ಬಂದರೆ ಇನ್ನೂ ಹಸಿ. ಹಸಿ ಜೇಡಿಯನ್ನು ಗುದ್ದಲಿಯಲ್ಲಿ ಅಗೆದರೆ ಕಡಿದ ಮೈ ಮೆರುಗು ಹಚ್ಚಿದ ಹಾಗೆ ಮುಚ್ಚಿಹೋಗುತ್ತದೆ, ಆ ಹೆಂಟೆ ಒಣಗಿದ ಮೇಲೆ ಕಲ್ಲು. 4 ಘನ ಮೀಟರ್ ಕಾಂಪೋಸ್ಟ್ ಹಾಕಿದ ಪ್ರಯೋಜನ ಒಂದೇ ಮಧ್ಯಾಹ್ನ ಹಾಳಾಗುತ್ತದೆ. ಲೋಡ್ ಬಂದಿದೆ ಅಂತ ಅವಸರ ಮಾಡಬೇಡಿ. ಗುಡ್ಡೆ ಕಾಯುತ್ತದೆ, ಹದ ಕಾಯುವುದಿಲ್ಲ.

ಬೆರೆಸುವ ಕ್ರಮ: ಮೊದಲು ಹಾರೆ ಅಥವಾ ಮುಳ್ಳುಗುದ್ದಲಿಯಿಂದ 8–10 ಇಂಚು ಆಳಕ್ಕೆ ಮೀಟಿ ಸಡಿಲಿಸಿ, ಮಗುಚಬೇಡಿ. ಆಮೇಲೆ ಕಾಂಪೋಸ್ಟ್ ಹರಡಿ ಎರಡನೇ ಸಲ ಬೆರೆಸಿ. ಸಡಿಲ ಮಾಡದೆ ಮೇಲೆ ಹರಡಿ ಒಂದೇ ಸಲ ಅಗೆದರೆ ಗೊಬ್ಬರ ಮೇಲಿನ 3 ಇಂಚಿನಲ್ಲೇ ಉಳಿಯುತ್ತದೆ. ಮುಂದಿನ ವರ್ಷದಿಂದ ಎರೆಹುಳುಪಕ್ಷದವರ ದಾರಿಯೇ ಸರಿ, ವರ್ಷಕ್ಕೆ ಅರ್ಧದಿಂದ ಒಂದು ಇಂಚು ಮೇಲೆ ಹಾಸಿದರೆ ಸಾಕು.

ಕೆಮ್ಮಣ್ಣು
ಮರಗಳ ಬುಡಕ್ಕೂ ಅಗೆದು ಹಾಕಬೇಕಾ?

ಎರೆಹುಳುಪಕ್ಷ
ಖಂಡಿತ ಬೇಡ. ಆಹಾರ ಎಳೆಯುವ ಸಣ್ಣ ಬೇರುಗಳು ಹೆಚ್ಚಾಗಿ ಮೇಲಿನ ಒಂದಡಿಯೊಳಗೇ ಇರುತ್ತವೆ. ಮುಕ್ಕಾಲು ಇಂಚು ಹರಡಿ, ಮೇಲೆ ತರಗೆಲೆ ಮುಚ್ಚಿ. ಕಾಂಡದಿಂದ ಅರ್ಧ ಅಡಿ ದೂರ ಬಿಡಿ. ತೊಗಟೆಗೆ ಒದ್ದೆ ಗೊಬ್ಬರ ತಾಗಿಕೊಂಡಿದ್ದರೆ ಕೊಳೆಯುತ್ತದೆ. ಗುಡ್ಡೆಯನ್ನೂ ಮರದಡಿ ಸುರಿಸಬೇಡಿ, ಎರಡು ಟನ್ ಭಾರ ವಾರಗಟ್ಟಲೆ ಕೂತರೆ ಬೇರಿಗೆ ಗಾಳಿಯಿಲ್ಲ.

ಕೆಮ್ಮಣ್ಣು
ಗೊಬ್ಬರ ಒಳ್ಳೆಯದೋ ಅಲ್ಲವೋ ಅಂತ ಅಂಗಳಕ್ಕೆ ಬರುವ ಮೊದಲೇ ಹೇಗೆ ತಿಳಿಯೋದು? ನೋಡೋಕೆ ಎಲ್ಲಾ ಕಪ್ಪಗೇ ಇರುತ್ತೆ.

ಉಪ್ಪುನೀರು
ಗೊಬ್ಬರ ಮಾಡುವ ಜಾಗಕ್ಕೇ ಹೋಗಿ. ಒಂದು ಬಕೆಟ್, ತೂಕದ ಕೊಕ್ಕೆ, ಗಾಜಿನ ಬಾಟಲಿ, ಗಟ್ಟಿ ಮುಚ್ಚುವ ಪ್ಲಾಸ್ಟಿಕ್ ಚೀಲ ಜೊತೆಗಿರಲಿ.

ಗುಡ್ಡೆಯ ಮೇಲಿನದ್ದು ಬಿಡಿ, ಎರಡು ಅಡಿ ಒಳಗಿನಿಂದ ತೆಗೆಯಿರಿ. ಕೈ ಇಟ್ಟರೆ ಸುಡುವಷ್ಟು ಬಿಸಿ ಇದ್ದರೆ ಇನ್ನೂ ಕಳಿತಿಲ್ಲ. ಕಣ್ಣು ಉರಿಸುವ ಅಮೋನಿಯಾ ವಾಸನೆಯೂ ಅದನ್ನೇ ಹೇಳುತ್ತದೆ. ಹುಳಿ ವಾಸನೆ, ಕೊಳೆತ ಮೊಟ್ಟೆಯ ವಾಸನೆ ಇದ್ದರೆ ಗಾಳಿಯಾಡದೆ ಬೆಂದಿದೆ. ಚೆನ್ನಾಗಿ ಕಳಿತದ್ದಕ್ಕೆ ಕಾಡಿನ ತರಗೆಲೆ ಅಡಿಯ ಮಣ್ಣಿನ ವಾಸನೆ. ಇದರಲ್ಲಿ ಇಂಗಾಲ–ಸಾರಜನಕದ ಅನುಪಾತ 20ಕ್ಕಿಂತ ಕೆಳಗಿರಬೇಕು. ಮರದ ಚೂರು ಜಾಸ್ತಿ ಉಳಿದಿದ್ದರೆ ಅನುಪಾತ ಮೇಲಿರುತ್ತದೆ, ಬೆರೆಸಿದ ಮೇಲೆ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಂಡು ಗಿಡ ಹಳದಿಯಾಗುತ್ತದೆ.

ಮುಷ್ಟಿಯಲ್ಲಿ ಹಿಂಡಿ. ಒಂದೆರಡು ಹನಿ ಬಂದರೆ ಸರಿ. ಧಾರೆಯಾಗಿ ಬಂದರೆ ನೀರಿಗೆ ದುಡ್ಡು ಕೊಡುತ್ತಿದ್ದೀರಿ. ತೂಕದ ಮೇಲೆ ಕೊಳ್ಳುವಾಗ ಇದು ದೊಡ್ಡ ಮಾತು. ಶೇ. 40 ತೇವವಿದ್ದ ಒಂದು ಟನ್‌ನಲ್ಲಿ ಒಣ ಗೊಬ್ಬರ 600 ಕಿಲೋ, ಶೇ. 60 ಇದ್ದರೆ 400 ಮಾತ್ರ. ಆದ್ದರಿಂದ ಘನ ಅಡಿಯ ಮೇಲೆ ಮಾತಾಡಿ.

10 ಲೀಟರ್ ಬಕೆಟ್‌ಗೆ ಮೂರು ಕಂತಿನಲ್ಲಿ ತುಂಬಿ, ಪ್ರತಿ ಸಲ ಅರ್ಧ ಅಡಿ ಎತ್ತರದಿಂದ ಹತ್ತು ಸಲ ಕುಕ್ಕಿ, ಮಟ್ಟ ಮಾಡಿ ತೂಗಿ. 5ರಿಂದ 7 ಕಿಲೋ ಬರಬೇಕು. 8 ದಾಟಿದರೆ ನೀರು, ಇಲ್ಲವೇ ಮಣ್ಣು ಬೆರೆಸಿದ್ದು. ಯಾವುದು ಅಂತ ಬಾಟಲಿ ಹೇಳುತ್ತದೆ: ಕಾಲು ಭಾಗ ಗೊಬ್ಬರ, ಮೇಲೆ ನೀರು, ಜೋರಾಗಿ ಅಲ್ಲಾಡಿಸಿ ಇಡಿ. ಅರ್ಧ ನಿಮಿಷದಲ್ಲಿ ತಳದಲ್ಲಿ ಮರಳಿನ ಗೆರೆ ಕೂತುಬಿಡುತ್ತದೆ. ತೆಳು ಗೆರೆ ಸಹಜ. ಹಾಕಿದ ಗೊಬ್ಬರದ ಅರ್ಧದಷ್ಟು ದಪ್ಪ ಗೆರೆ ಇದ್ದರೆ ಅದು ತುಂಬು ಮಣ್ಣಿನ ವ್ಯಾಪಾರ.

ಚೀಲಕ್ಕೆ ಒಂದೆರಡು ಹಿಡಿ ಒದ್ದೆ ಗೊಬ್ಬರ ಹಾಕಿ, ಗಾಳಿ ಹಿಂಡಿ, ಮುಚ್ಚಿ ಬೆಚ್ಚನೆ ಕಡೆ ಮೂರು ದಿನ ಇಡಿ. ಉಬ್ಬಿದರೆ, ತೆಗೆದಾಗ ನಾತ ಹೊಡೆದರೆ ಬೇಡ.

ಹದನೋಡು
ಗುಡ್ಡೆಗಿಂತ ಗುಡ್ಡೆಯ ಸುತ್ತಲಿನ ನೆಲ ನೋಡಿ. ಬುಡದಲ್ಲಿ ಜೇಕು, ಗರಿಕೆ ಹಬ್ಬಿದ್ದರೆ ಯಂತ್ರದ ಬಕೆಟ್ ಗೊಬ್ಬರದ ಜೊತೆ ಅದರ ಗಡ್ಡೆಗಳನ್ನೂ ಬಾಚಿ ನಿಮ್ಮ ಗಾಡಿಗೆ ತುಂಬುತ್ತದೆ. "ಬುಡದಿಂದ ಒಂದಡಿ ಬಿಟ್ಟು ತುಂಬಿ" ಅಂತ ಮೊದಲೇ ಹೇಳಿಬಿಡಿ. ಕಳೆ ಬೀಜ ಸಾಯಬೇಕಾದರೆ ಗುಡ್ಡೆ 55 ಡಿಗ್ರಿ ಮುಟ್ಟಿರಬೇಕು. ಬಯಲಲ್ಲಿ ಉದ್ದುದ್ದ ಸಾಲು ಹಾಕಿ ಮಾಡುವಲ್ಲಿ 15 ದಿನ, ಅಷ್ಟರಲ್ಲಿ ಕನಿಷ್ಠ ಐದು ಸಲ ಮಗುಚಿರಬೇಕು. ತಾಪಮಾನ ಬರೆದಿಟ್ಟ ಪುಸ್ತಕ ಇದೆಯಾ ಅಂತ ಕೇಳಿ. ಇದ್ದವರು ಖುಷಿಯಿಂದ ತೋರಿಸ್ತಾರೆ.

ಅಳತೆಪಟ್ಟಿ
ಕಳೆನಾಶಕದ ಉಳಿಕೆ ಮರೆಯಬೇಡಿ. ಕ್ಲೋಪಿರಾಲಿಡ್, ಅಮಿನೋಪಿರಾಲಿಡ್, ಪಿಕ್ಲೋರಾಮ್ ಗುಂಪಿನವು ಮೇವಿನಿಂದ ದನದ ಹೊಟ್ಟೆ ದಾಟಿ ಸಗಣಿಗೆ, ಅಲ್ಲಿಂದ ಕಾಂಪೋಸ್ಟ್‌ಗೆ ಬರುತ್ತವೆ. ಗುಡ್ಡೆಯ ಬಿಸಿಗೆ ಸುಲಭವಾಗಿ ಒಡೆಯುವುದಿಲ್ಲ. ಮೂಸಿದರೆ, ನೋಡಿದರೆ ಗೊತ್ತಾಗುವ ವಿಷಯವಲ್ಲ. ಗಿಡವನ್ನೇ ಕೇಳಬೇಕು.

ಮೂರು ಕುಂಡಕ್ಕೆ ಅರ್ಧ ಕಾಂಪೋಸ್ಟ್, ಅರ್ಧ ನಂಬಿಕೆಯ ಕುಂಡದ ಮಣ್ಣು. ಇನ್ನು ಮೂರಕ್ಕೆ ಬರೀ ಆ ಮಣ್ಣು. ಪ್ರತಿಯೊಂದಕ್ಕೂ ಮೂರು ಹುರುಳಿಕಾಯಿ (ಬೀನ್ಸ್) ಅಥವಾ ಬಟಾಣಿ ಬೀಜ. ಒಂದರ ನೀರು ಇನ್ನೊಂದಕ್ಕೆ ಹರಿಯದಂತೆ ತಟ್ಟೆ ಬೇರೆ ಬೇರೆ ಇಡಿ. ಎರಡು ಮೂರು ವಾರ, ಮೂರು ಜೊತೆ ನಿಜವಾದ ಎಲೆ ಬರುವವರೆಗೆ ಕಾಯಿರಿ. ಕಾಂಪೋಸ್ಟ್ ಕುಂಡದಲ್ಲಿ ಮಾತ್ರ ಹೊಸ ಎಲೆ ದೊನ್ನೆಯಂತೆ ಮುದುಡಿದರೆ, ಚಿಗುರು ಸುರುಳಿ ಸುತ್ತಿದರೆ ಆ ಗುಡ್ಡೆ ತರಕಾರಿಗೆ ಬೇಡ. ಬರೀ ಮೊಳಕೆ ಕಡಿಮೆ ಬಂದು ಎಲೆ ನೇರವಾಗಿದ್ದರೆ ಅದು ಲವಣ ಅಥವಾ ಕಳಿಯದ ದೋಷ.

ಪರೀಕ್ಷೆ ಮಾಡಿದ ಗುಡ್ಡೆಯಿಂದಲೇ ಲೋಡ್ ಬರಬೇಕು. ಮೂರು ವಾರದಲ್ಲಿ ಆ ಗುಡ್ಡೆ ಖಾಲಿಯಾಗಿ ಪಕ್ಕದ್ದು ಬಂದರೆ ಇಷ್ಟೂ ವ್ಯರ್ಥ, ಮುಂಗಡ ಕೊಟ್ಟು ಹಿಡಿದಿಡಿ.

ಸಲಿಕೆಸಾಮ್ರಾಜ್ಯ
ಈಗ ನನ್ನ ವಿಷಯಕ್ಕೆ ಬನ್ನಿ, ಸುರಿಸೋದು. 4 ಘನ ಮೀಟರ್ ಅಂದರೆ ಎರಡೂಕಾಲು, ಎರಡೂವರೆ ಟನ್, ನೆನೆದಿದ್ದರೆ ಮೂರು. ಗಾಡಿಯ ತೂಕ ಬೇರೆ. ಸಂಪ್‌ನ ಮುಚ್ಚಳದ ಮೇಲೆ ಚಕ್ರ ಹತ್ತಿದರೆ ಮುಗೀತು. ಸಂಪ್, ಶೌಚದ ಗುಂಡಿ, ಆಳವಿಲ್ಲದ ಪೈಪ್ ಇರುವ ಕಡೆ ಗಾಡಿ ಒಳಗೇ ಬರಬಾರದು. ನಿಮ್ಮ 9 ಅಡಿ ಗೇಟ್‌ಗೆ ಸಣ್ಣ ಟಿಪ್ಪರ್ ಹಿಡಿಸುತ್ತೆ, ದೊಡ್ಡದು ಕನ್ನಡಿ ಮಡಚಿದರೂ ಕಷ್ಟ. ಗೇಟ್ ಪಕ್ಕದಲ್ಲೇ ಸಂಪ್ ಇರೋದರಿಂದ ಹಿಂದೆ ಹಾಕಿಸಿ, ಹಿಂಭಾಗ ಮಾತ್ರ ಗೇಟ್ ದಾಟುವಷ್ಟು ನಿಲ್ಲಿಸಿ ಸುರಿಸಿ. ಅದಕ್ಕೂ ಜಾಗ ಸಾಲದಿದ್ದರೆ ಗೇಟಿನ ಹೊರಗೇ ಸುರಿಸಿ, ಅದೇ ದಿನ ಒಳಗೆ ಸಾಗಿಸಿ.

ಮೇಲೆ ನೋಡಿ. ತೊಟ್ಟಿ ಎತ್ತಿದಾಗ ಎಷ್ಟು ಎತ್ತರ ಆಗುತ್ತೆ ಅಂತ ಡ್ರೈವರ್‌ನ ಕೇಳಿ, ಕರೆಂಟ್ ತಂತಿ, ಕೊಂಬೆ ಅದಕ್ಕಿಂತ ಸಾಕಷ್ಟು ಮೇಲಿರಬೇಕು. ನೆಲ ಓರೆಯಿದ್ದರೆ ಎತ್ತಿಸಲೇಬೇಡಿ. ಒದ್ದೆ ಗೊಬ್ಬರ ಒಂದು ಬದಿಗೆ ಅಂಟಿಕೊಂಡು ಇನ್ನೊಂದು ಬದಿ ಜಾರಿದರೆ ಗಾಡಿ ಪಕ್ಕಕ್ಕೆ ಉರುಳುತ್ತೆ. ಹಿಂದೆ, ಪಕ್ಕದಲ್ಲಿ ಯಾರೂ ನಿಲ್ಲಬಾರದು. ಅಂಟಿದ್ದನ್ನು ಎತ್ತಿದ ತೊಟ್ಟಿಯ ಕೆಳಗೆ ನಿಂತು ಸಲಿಕೆಯಲ್ಲಿ ಕೆರೆಯೋದಂತೂ ಬೇಡವೇ ಬೇಡ.

ಗುಡ್ಡೆ ಬುಡದಲ್ಲಿ 12 ಅಡಿ ಅಗಲ, 4 ಅಡಿ ಎತ್ತರ ಆಗುತ್ತೆ. ಕಡಿಮೆ ತಂದಿದ್ದಾರಾ ಅಂತ ಅನುಮಾನ ಬಂದರೆ ಬುಡದ ಅಗಲವನ್ನು ಅಗಲದಿಂದಲೇ ಗುಣಿಸಿ, ಎತ್ತರದಿಂದ ಗುಣಿಸಿ, 0.26ರಿಂದ ಗುಣಿಸಿ. 12 × 12 × 4 × 0.26 ಅಂದರೆ 150 ಘನ ಅಡಿ. ಶಂಕುವಿನ ಲೆಕ್ಕ, ಅಂದಾಜಿಗೆ ಸಾಕು. ಕೆಳಗೆ 18 ಅಡಿ ಚದರದ ಟಾರ್ಪಾಲಿನ್ ಹಾಸಿ, ಕೊನೆಯ ಬಾಂಡ್ಲಿ ಬಾಚೋವಾಗ ಜಲ್ಲಿ ಸೇರಲ್ಲ.

ಉಪ್ಪುನೀರು
ಗೋಡೆಗೆ ಒರಗಿಸಿ ಸುರಿಸಬೇಡಿ, ಗೆದ್ದಲಿಗೆ ಏಣಿ ಕೊಟ್ಟ ಹಾಗೆ. ಮಡಿಯ ಮಣ್ಣಿನ ಮಟ್ಟವೂ ಗೋಡೆಯ ತೇವತಡೆ ಪದರಕ್ಕಿಂತ ಅರ್ಧ ಅಡಿ ಕೆಳಗಿರಲಿ. 3 ಇಂಚು ಸೇರಿಸಿದ ಮೇಲೆ ಮಟ್ಟ ಏರುತ್ತದೆ ಅನ್ನುವುದು ಎಷ್ಟೋ ಜನಕ್ಕೆ ಆಮೇಲೆ ಹೊಳೆಯುತ್ತದೆ.

ಮಳೆ ಮುನ್ಸೂಚನೆ ಇದ್ದರೆ ತರಿಸಬೇಡಿ. ನೆನೆದ ಗುಡ್ಡೆಯಿಂದ ಇಳಿಯುವ ಕಂದು ನೀರಿನಲ್ಲಿ ಪೋಷಕಾಂಶವೆಲ್ಲ ಚರಂಡಿಗೆ. ಮುಚ್ಚಿ, ಆದರೆ ಸುತ್ತ ಬಿಗಿದು ಕಟ್ಟಬೇಡಿ, ಅಂಚು ಒಂದು ಗೇಣು ಎತ್ತಿರಲಿ. ಧೂಳು ಏಳುವಷ್ಟು ಒಣಗಿದ್ದರೆ ನೀರು ಚಿಮುಕಿಸಿ, ಮಾಸ್ಕ್ ಹಾಕಿ, ಕೈಗವಸು ಹಾಕಿ. ಕಾಂಪೋಸ್ಟ್ ಧೂಳಿನಲ್ಲಿ ಲೆಜಿಯೊನೆಲ್ಲಾ ಲಾಂಗ್‌ಬೀಚೇ ಎಂಬ ಬ್ಯಾಕ್ಟೀರಿಯಾ ಇರಬಹುದು, ಅದು ನ್ಯುಮೋನಿಯಾ ತರುತ್ತದೆ. ಧನುರ್ವಾತದ ಚುಚ್ಚುಮದ್ದಿನ ಅವಧಿ ಮುಗಿದಿದೆಯಾ ನೋಡಿಕೊಳ್ಳಿ.

ಕೆಮ್ಮಣ್ಣು
ಹರಡುವಾಗ 3 ಇಂಚು, ಅರ್ಧ ಇಂಚು ಅಂತ ಕಣ್ಣಳತೆಯಲ್ಲಿ ಹೇಗೆ ಹಿಡಿಯೋದು? ಮೊದಲ ಮಡಿಗೆ ಜಾಸ್ತಿ ಹೋಗಿ ಕೊನೆಯದಕ್ಕೆ ಸಾಲದೆ ಹೋದರೆ?

ಅಳತೆಪಟ್ಟಿ
ದಪ್ಪ ನೋಡಬೇಡಿ, ಗಾಡಿ ಎಣಿಸಿ. ಒಂಟಿ ಚಕ್ರದ ತಳ್ಳುಗಾಡಿಗೆ ಚೆಲ್ಲದಂತೆ ತುಂಬಿದರೆ ಸುಮಾರು 65 ಲೀಟರ್. ನಿಮ್ಮದು ಎಷ್ಟು ಅಂತ ಮೊದಲ ಗಾಡಿಯನ್ನು ಬಕೆಟ್‌ನಿಂದ ಅಳೆದು ತುಂಬಿ. 65 ಲೀಟರ್ ಆದರೆ 3 × 3 ಅಡಿ ಚೌಕಕ್ಕೆ ಒಂದು ಗಾಡಿ ಸುರಿದಾಗ ಸರಿಯಾಗಿ 3 ಇಂಚು ಬರುತ್ತದೆ. ಮಡಿಯ ಮೇಲೆ ದಾರ ಕಟ್ಟಿ ಚೌಕ ಮಾಡಿಕೊಂಡರೆ ತಪ್ಪುವುದೇ ಇಲ್ಲ. ಹುಲ್ಲುಹಾಸಿಗೆ 55 ಚದರ ಅಡಿಗೆ ಒಂದು ಗಾಡಿ. ಒಟ್ಟು 60 ಚಿಲ್ಲರೆ ಗಾಡಿ. ಒಬ್ಬರು ತುಂಬುತ್ತಾ ಒಬ್ಬರು ತಳ್ಳಿದರೆ, ಒಂದಕ್ಕೆ ಐದು ನಿಮಿಷದಂತೆ ಐದು ಗಂಟೆ ಕೆಲಸ.

ಹುಲ್ಲುಹಾಸಿನ ಪಾಲನ್ನು 10 ಮಿ.ಮೀ. ಜರಡಿ ಹಿಡಿಯಿರಿ, ಉಳಿದ ಗಸಿ ಪೊದೆಗಳ ಪಟ್ಟಿಗೆ. ಹುಲ್ಲನ್ನು ಗಿಡ್ಡ ಕತ್ತರಿಸಿ, ನೆಲಕ್ಕೆ 3 ಇಂಚು ಆಳದ ತೂತು ಹಾಕಿ, ಒಣ ಕಾಂಪೋಸ್ಟ್ ಉದುರಿಸಿ ಕುಂಟೆಯ ಹಿಂಬದಿಯಿಂದ ಎಳೆಯಿರಿ. ಕೊನೆಗೆ ಹುಲ್ಲಿನ ತುದಿ ಕಾಣಲೇಬೇಕು.

ಹದನೋಡು
ಮಡಿಗೆ ಬೆರೆಸಿದ ಮೇಲೆ ನೀರುಣಿಸಿ ಎರಡು ವಾರ ಬಿಡಿ, ಆಮೇಲೆ ಬೀಜ. ಮೊದಲ ಬೆಳೆಗೆ ಕಾಂಪೋಸ್ಟ್ ಒಂದೇ ಸಾಕು ಅಂದುಕೊಳ್ಳಬೇಡಿ. ಅದರ ಒಟ್ಟು ಸಾರಜನಕದಲ್ಲಿ ಮೊದಲ ವರ್ಷ ಸಿಗುವುದು ಸಾಮಾನ್ಯವಾಗಿ ಶೇ. 10ರಿಂದ 25. ಎಲೆ ತಿಳಿಹಸಿರಾದರೆ ಬೇರೆ ಸಾರಜನಕ ಕೊಡಿ, ಇನ್ನೊಂದು ಲೋಡ್ ಅಲ್ಲ.

ಕೆಮ್ಮಣ್ಣು
ಹಾಗಾದರೆ ಕ್ರಮ ಹೀಗೆ: ಮಣ್ಣು ಪರೀಕ್ಷೆಗೆ ಕಳಿಸೋದು, ಸರಳು ಮತ್ತು ಗುಂಡಿ ಪರೀಕ್ಷೆ, ಗೊಬ್ಬರದ ಮಾದರಿ ತಂದು ಕುಂಡ. ಎಲ್ಲಾ ಸರಿ ಬಂದರೆ ಅದೇ ಗುಡ್ಡೆಯಿಂದ 140 ಘನ ಅಡಿ, ಸಣ್ಣ ಟಿಪ್ಪರ್‌ನಲ್ಲಿ ಎರಡು ಸಲ. ಏನಾದರೂ ಬಿಟ್ಟೆನಾ?

ಸಲಿಕೆಸಾಮ್ರಾಜ್ಯ
ಎರಡು ಸಲಾನೂ ಒಂದೇ ದಿನ ಬೇಡ. ಮೊದಲನೇದು ಹರಡಿ ಮುಗಿಸಿ, ಎಷ್ಟು ಸಾಲದು ಅಂತ ನೋಡಿ ಎರಡನೇದು ಹೇಳಿ. ಮೊದಲ ಸುರಿತದಲ್ಲಿ ಪ್ಲಾಸ್ಟಿಕ್, ಗಾಜಿನ ಚೂರು ಕಂಡರೆ ಎರಡನೇದನ್ನು ನಿಲ್ಲಿಸೋ ಅವಕಾಶನೂ ಇರುತ್ತೆ.

ಎರೆಹುಳುಪಕ್ಷ
ಗೊಬ್ಬರದಲ್ಲಿ ದಪ್ಪ ಬಿಳಿ ಗೊಣ್ಣೆಹುಳು ಸಿಕ್ಕರೆ ಗಾಬರಿಯಾಗಿ ಔಷಧ ಹೊಡೆಯಬೇಡಿ. ಹೆಚ್ಚಿನವು ಕೊಳೆತದ್ದನ್ನೇ ತಿನ್ನುವಂಥವು, ಆದರೆ ಬೇರು ತಿನ್ನುವ ಜಾತಿಯೂ ಇದೆ, ನೋಡಿ ಗುರುತಿಸುವುದು ಕಷ್ಟ. ಜರಡಿ ಹಿಡಿಯುವಾಗ ಆರಿಸಿ ತಟ್ಟೆಗೆ ಹಾಕಿಡಿ, ಹಕ್ಕಿಗಳು ನೋಡಿಕೊಳ್ಳುತ್ತವೆ.